ನಗೆಗಾರ ಲೂಬಿಚ್

ನಗಿಸುವುದು ಸುಲಭವೆಂದು ತಿಳಿದವರು ಅನೇಕರುಂಟು. ಆದರೆ ನೊಂದವರನ್ನು ನೋಯಿಸದೆ, ನೋಯಿಸಿದವನನ್ನೇ ನಗೆಪಾಟಲು ಮಾಡುವುದು ಎಷ್ಟು ಕಠಿನ! ಆ ಸಾಹಸಕ್ಕೆ ಕೈಹಾಕಿ ನಿಂದೆಗೆ ಗುರಿಯಾದ ಚಲಚ್ಚಿತ್ರ ನಿರ್ದೇಶಕ ಎರ್ನ್‌ಸ್ಟ್ ಲೂಬಿಚ್‌ನ ಜೀವನವನ್ನು ಸಂಗ್ರಹವಾಗಿ ಸಹಪಾಠಿಗಳ ಮುಂದಿಡಬಯಸುತ್ತೇನೆ.

ಲೂಬಿಚ್ 1892ರ ಜನವರಿ 29ರಂದು ಬರ್ಲಿನ್ ನಗರದ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದನು. ತಂದೆ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದು ಉಡುಪಿನ ವ್ಯಾಪಾರ ಹೂಡಿದ್ದ ದರ್ಜಿ. ಹಗಲೆಲ್ಲ ತಂದೆಯ ಅಂಗಡಿಯ ಲೆಕ್ಕಪತ್ರ, ಇರುಳಾದರೆ ನಾಟಕ. ಇದು ತರುಣನ ದಿನಚರಿ. 1911ರಲ್ಲಿ ಮ್ಯಾಕ್ಸ್ ರೈನ್‌ಹಾರ್ಟನ ಪ್ರಸಿದ್ಧ ನಾಟಕ ಮಂಡಲಿಯನ್ನು ಸೇರಿ ಸಣ್ಣಪುಟ್ಟ ಪಾತ್ರಗಳನ್ನು ವಹಿಸಿದನು. ಮುಂದೆ ಮೂಕಿ ಚಿತ್ರಗಳಲ್ಲಿ ಹೆಸರು ಗಳಿಸಿ, 1922ರಲ್ಲಿ ನಟಿ ಮೇರಿ ಪಿಕ್‌ಫೋರ್ಡಳ ಆಹ್ವಾನದ ಮೇಲೆ ಅಮೆರಿಕಕ್ಕೆ ತೆರಳಿದನು.

ಹೊಟ್ಟೆಪಾಡಿಗಲ್ಲ, ಕೀರ್ತಿಗಾಗಿ ಹೋದವನು ಅವನು. ಆದರೆ 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದ ಮೇಲೆ ಹಿಂದಿರುಗುವ ದಾರಿಯೇ ಮುಚ್ಚಿತು. 1935ರಲ್ಲಿ ಜರ್ಮನ್ ಸರ್ಕಾರವು ಅವನ ಪೌರತ್ವವನ್ನು ಕಿತ್ತುಕೊಂಡಿತು. ಮರುವರ್ಷ ಅವನು ಅಮೆರಿಕದ ಪ್ರಜೆಯಾದನು. ತಾಯ್ನಾಡಿನಿಂದ ಓಡಿಬಂದ ಕಲಾವಿದರಿಗಾಗಿ 1938ರಲ್ಲಿ ಸಹಾಯನಿಧಿಯೊಂದನ್ನು ಸ್ಥಾಪಿಸಿದವರಲ್ಲಿ ಅವನೂ ಒಬ್ಬ. ಯುದ್ಧವು ಅವನ ಮನೆಯನ್ನೂ ಬಿಡಲಿಲ್ಲ. 1939ರ ಸೆಪ್ಟೆಂಬರ್ 3ರಂದು, ಬ್ರಿಟನ್ ಯುದ್ಧ ಸಾರಿದ ಕೆಲವೇ ಗಂಟೆಗಳಲ್ಲಿ, ಜರ್ಮನ್ ಜಲಾಂತರ್ನೌಕೆಯೊಂದು ಅಥೇನಿಯಾ ಹಡಗನ್ನು ಮುಳುಗಿಸಿತು. ಸತ್ತವರು ನೂರಕ್ಕೂ ಹೆಚ್ಚು ಮಂದಿ. ಅದೇ ಹಡಗಿನಲ್ಲಿದ್ದ ಅವನ ಹಸುಗೂಸು ಮಗಳು ದಾದಿಯೊಡನೆ ಬದುಕಿ ಉಳಿದಳು.

ಇಂಥ ತಂದೆ 1942ರಲ್ಲಿ ತೆರೆಗೆ ತಂದ ಹಾಸ್ಯಚಿತ್ರವೇ ‘ಟು ಬಿ ಆರ್ ನಾಟ್ ಟು ಬಿ’. ನಾಜಿಗಳ ವಶವಾದ ವಾರ್ಸಾದ ನಾಟಕ ಮಂಡಲಿಯೊಂದು ಶತ್ರುವಿನದೇ ವೇಷ ತೊಟ್ಟು, ಶತ್ರುವನ್ನೇ ವಂಚಿಸಿ, ವಿಮಾನವೇರಿ ಬ್ರಿಟನ್ನಿಗೆ ಪಾರಾಗುವ ಕಥೆ ಅದು. ಷೈಲಾಕನ ಪಾತ್ರಕ್ಕಾಗಿ ಹಂಬಲಿಸುವ ಬಡನಟ ಗ್ರೀನ್‌ಬರ್ಗನಾಗಿ ಅಭಿನಯಿಸಿದ ಫೆಲಿಕ್ಸ್ ಬ್ರೆಸಾರ್ಟ್ ತಾನೇ 1933ರಲ್ಲಿ ಜರ್ಮನಿ ತೊರೆದ ಯೆಹೂದ್ಯನು. ನಾಯಕಿ ಕ್ಯಾರೊಲ್ ಲೊಂಬಾರ್ಡ್, ಚಿತ್ರ ಬಿಡುಗಡೆಯಾಗುವ ಮುನ್ನವೇ, ಯುದ್ಧನಿಧಿ ಸಂಗ್ರಹಿಸಿ ಹಿಂದಿರುಗುವಾಗ ವಿಮಾನಾಪಘಾತದಲ್ಲಿ ಮಡಿದಳು.

ಪೋಲೆಂಡ್ ಉರಿಯುತ್ತಿರುವಾಗ ಇದೆಂಥ ವಿನೋದವೆಂದು ವಿಮರ್ಶಕರು ಕೆರಳಿದರು. ತಾನು ನಕ್ಕದ್ದು ನಾಜಿಗಳನ್ನೂ ಅವರ ಸಿದ್ಧಾಂತವನ್ನೂ ಕುರಿತೇ ಹೊರತು ಪೋಲೆಂಡಿನ ಸಂಕಟವನ್ನಲ್ಲವೆಂದು ಲೂಬಿಚ್ ಪತ್ರಿಕೆಯಲ್ಲಿ ಉತ್ತರಿಸಿದನು. ವಿಮರ್ಶಕರ ಕೋಪವೂ ಸಹಜವೇ ಎಂದು ನಾನು ಒಪ್ಪುತ್ತೇನೆ. ಹಸಿಗಾಯದ ಬಳಿ ನಗೆ ಯಾರಿಗೆ ರುಚಿಸೀತು? ಆದರೂ ಚಿತ್ರವನ್ನು ಲಕ್ಷ್ಯವಿಟ್ಟು ನೋಡಿದವರಿಗೆ ಒಂದು ಮಾತು ಹೊಳೆಯದೆ ಇರದು: ಅಲ್ಲಿ ನಗೆಗೀಡಾಗುವುದು ಅಧಿಕಾರದ ಜಂಬ ಮತ್ತು ನಟರ ಒಣಹೆಮ್ಮೆ, ದುರ್ಬಲನ ದುಃಖವಲ್ಲ. ಕಾಲವೂ ಅವನ ಪಕ್ಷವನ್ನೇ ವಹಿಸಿತು. 1996ರಲ್ಲಿ ಅಮೆರಿಕ ಆ ಚಿತ್ರವನ್ನು ತನ್ನ ರಾಷ್ಟ್ರೀಯ ಚಿತ್ರ ಸಂಗ್ರಹಕ್ಕೆ ಸೇರಿಸಿಕೊಂಡಿತು.

1943ರಲ್ಲಿ ಹೃದಯಾಘಾತ ಅವನನ್ನು ಕುಗ್ಗಿಸಿತು. ಆದರೂ 1946ರ ‘ಕ್ಲೂನಿ ಬ್ರೌನ್’ ಚಿತ್ರದಲ್ಲಿ ಇಂಗ್ಲೆಂಡಿಗೆ ಬಂದ ಜೆಕ್ ನಿರಾಶ್ರಿತನೊಬ್ಬನನ್ನು ನಾಯಕನನ್ನಾಗಿಸಿ, ಕಡೆಗೆ ಅಮೆರಿಕಕ್ಕೆ ದಾಟಿಸಿದನು. ಅದೇ ಅವನು ಪೂರ್ಣಗೊಳಿಸಿದ ಕಡೆಯ ಕೃತಿ. 1947ರ ನವೆಂಬರ್ 30ರಂದು ಲೂಬಿಚ್ ತೀರಿಕೊಂಡನು.

ಆಗಲೂ ಯುದ್ಧದಲ್ಲಿ ಬದುಕುಳಿದ ಲಕ್ಷಾಂತರ ಮಂದಿ ಯೂರೋಪಿನ ಶಿಬಿರಗಳಲ್ಲಿ ಪರದೇಶದ ಅನುಮತಿಪತ್ರಕ್ಕಾಗಿ ಕಾದಿದ್ದರು. ಅಂಥವರಿಗಾಗಿ ಅಮೆರಿಕ ಶಾಸನ ಮಾಡಿದ್ದು 1948ರಲ್ಲಿ. ಲೂಬಿಚ್‌ನ ಚಿತ್ರಗಳು ಯಾರಿಗೂ ಅನುಮತಿಪತ್ರ ದೊರಕಿಸಲಿಲ್ಲ, ನಿಜ. ಆದರೆ ಮನೆ ಕಳೆದುಕೊಂಡವನು ಕನಿಕರಕ್ಕಷ್ಟೇ ಪಾತ್ರನಲ್ಲ, ಜಾಣತನವೂ ಚೇಷ್ಟೆಯೂ ಅಭಿಮಾನವೂ ಉಳ್ಳ ಮನುಷ್ಯನೆಂದು ಅವು ತೋರಿಸಿಕೊಟ್ಟವು. ನಿರಾಶ್ರಿತರನ್ನು ಕೇವಲ ಸಂಖ್ಯೆಗಳಾಗಿ ಎಣಿಸುವ ನಮಗೆ ಈ ಪಾಠ ಬೇಡವೆ?