ವಚನಪಿತಾಮಹ ಫ. ಗು. ಹಳಕಟ್ಟಿಯವರು

ಮಾತೃವಿಯೋಗಕ್ಕಿಂತ ಮಿಗಿಲಾದ ದುಃಖವು ಶಿಶುವಿಗೆ ಬೇರೊಂದಿಲ್ಲ. ಆದರೂ ಮನೆಯ ಹಿರಿಯರ ಮಮತೆಯೂ ಪೂರ್ವಜರಿಂದ ಬಂದ ಸಂಸ್ಕಾರವೂ ಕೈಹಿಡಿದುದಾದರೆ ಅಂತಹ ಶಿಶುವು ಬೆಳೆದು ನಾಡಿಗೇ ನೆರಳಾಗಬಲ್ಲುದು. ರಾವಬಹಾದ್ದೂರ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಚರಿತ್ರವು ಇದಕ್ಕೆ ನಿದರ್ಶನವಾಗಿರುವುದು.

ಇವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ಮಗುವು ಮೂರು ವರುಷದ್ದಾಗಿದ್ದಾಗಲೇ ತಾಯಿ ದಾನಾದೇವಿಯವರು ಶಿವೈಕ್ಯರಾದರು. ತಾಯಿಯ ಮುಖವನ್ನು ನೆನಪಿನಲ್ಲಿ ಉಳಿಸಿಕೊಳ್ಳುವ ವಯಸ್ಸೂ ಅದಲ್ಲ. ಆಗ ಅಜ್ಜಿ ಬಸಮ್ಮನವರು ಮೊಮ್ಮಗನನ್ನು ಮಡಿಲಿಗೆ ತೆಗೆದುಕೊಂಡು ಸಲಹಿದರು. ಹಸಿದಾಗ ಅನ್ನವಿಕ್ಕುವ ಕೈಯೊಂದು, ಅತ್ತಾಗ ಕಣ್ಣೊರಸುವ ಸೆರಗೊಂದು ಮನೆಯಲ್ಲಿ ಉಳಿದಿತ್ತೆಂಬುದೇ ಆ ಬಾಲಕನ ಭಾಗ್ಯವು.

ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರೂ ಅಹುದು. ಧಾರವಾಡವು ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದು, ಆ ಸೀಮೆಯಲ್ಲಿ ಮರಾಠಿಯ ಪ್ರಾಬಲ್ಯವು ಹೆಚ್ಚಾಗಿದ್ದಿತು. ಅಂತಹ ಕಾಲದಲ್ಲಿ ಅವರು ಕನ್ನಡದಲ್ಲಿ ಗ್ರಂಥಗಳನ್ನು ಬರೆದರು. ಮಗನಿಗೆ ಹತ್ತು ವರುಷವಾದಾಗ, 1890ರಲ್ಲಿ, ಅದೇ ಊರಿನಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಹೀಗೆ ಅಜ್ಜಿಯಿಂದ ಅಕ್ಕರೆಯನ್ನೂ ತಂದೆಯಿಂದ ಅಕ್ಷರಪ್ರೇಮವನ್ನೂ ಪಡೆದು ಬಾಲಕನು ಬೆಳೆದನು.

ಮುಂಬಯಿಯಲ್ಲಿ ವ್ಯಾಸಂಗ ಮಾಡಿ, 1904ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಹೊಂದಿ, ಹಳಕಟ್ಟಿಯವರು ಕೆಲಕಾಲದಲ್ಲಿಯೇ ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದರು. ಶರಣರ ವಚನಗಳು ಆಗ ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ತಾಳೆಯೋಲೆಯ ಕಟ್ಟುಗಳಾಗಿ ಚದುರಿಹೋಗಿದ್ದವು. ಕೆಲವು ಕಡೆ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು, ಓದುವವರಿರಲಿಲ್ಲ. ಕೆಲವು ಕಡೆ ಹುಳುಗಳಿಗೆ ಆಹಾರವಾಗುತ್ತಿದ್ದವು, ಕೇಳುವವರಿರಲಿಲ್ಲ. ತಬ್ಬಲಿಗಳಂತಿದ್ದ ಆ ಓಲೆಗಳನ್ನು ಇವರು ಊರೂರು ತಿರುಗಿ ಕೂಡಿಸಿದರು, ಪ್ರತಿಮಾಡಿದರು, ಒಂದರೊಡನೊಂದು ಹೋಲಿಸಿ ಶೋಧಿಸಿದರು.

1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಅಚ್ಚಾಗಿ ಬಂದಿತು. ಮುಂದಿನ ಕಾರ್ಯಕ್ಕೆ ಸ್ವಂತ ಮುದ್ರಣಾಲಯವೇ ಬೇಕೆಂದರಿತು, ಇದ್ದ ಮನೆಯನ್ನು ಮಾರಿ, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ ಮರುವರುಷ ನವಕರ್ನಾಟಕ ವಾರಪತ್ರಿಕೆಯನ್ನೂ ಆರಂಭಿಸಿದರು. ಕೈತುಂಬ ಸಂಪಾದಿಸಬಹುದಾಗಿದ್ದ ವಕೀಲರು ಬಾಡಿಗೆಯ ಮನೆಯಲ್ಲಿ ಬಾಳಿದರು. ಎಳವೆಯಲ್ಲಿ ತಾಯಿಯ ಮಡಿಲನ್ನು ಕಳೆದುಕೊಂಡವರು ಪ್ರಾಯದಲ್ಲಿ ಸ್ವಂತ ಸೂರನ್ನೂ ಶರಣರ ನುಡಿಗಾಗಿ ಬಿಟ್ಟುಕೊಟ್ಟರೆಂಬುದನ್ನು ನೆನೆದರೆ ಮನವು ಕರಗುವುದು.

1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಇವರೇ ಅಧ್ಯಕ್ಷರಾದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರ್ ಪದವಿಯನ್ನಿತ್ತು ಮನ್ನಿಸಿತು. 1964ನೆಯ ಇಸವಿ ಜೂನ್ 29ರಂದು ಲಿಂಗೈಕ್ಯರಾದರು.

ಭಕ್ತಮಹಾಶಯರೇ, ಶಿವಗಂಗೆಯ ತಪ್ಪಲಿನ ನೆಲಮಂಗಲದಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳವರೆಗೆ ನಮ್ಮ ಸೀಮೆಯ ಮಕ್ಕಳು ಇಂದು ವಚನಗಳನ್ನು ಬಾಯಿಪಾಠವಾಗಿ ಹೇಳುತ್ತಿದ್ದರೆ, ಅದರಲ್ಲಿ ಆ ಪುಣ್ಯಪುರುಷರ ಬೆವರಿನ ಪಾಲಿದೆ. ಅಜ್ಜಿ ಬಸಮ್ಮನವರ ಪಾಲೂ ಇದೆ. ಆದುದರಿಂದ ತಾಯಿಯನ್ನಗಲಿದ ಮಗುವು ನಮ್ಮ ಕೇರಿಯಲ್ಲಿದ್ದರೆ ಅದಕ್ಕೆ ಅನ್ನದೊಡನೆ ಅಕ್ಷರವನ್ನೂ ಕೊಡೋಣ. ಅಟ್ಟದ ಮೇಲೆ ಹಳೆಯ ಓಲೆಯ ಕಟ್ಟು ಇದ್ದರೆ ಅದನ್ನು ಮಠಕ್ಕೆ ತಂದೊಪ್ಪಿಸೋಣ. ಹಳಕಟ್ಟಿಯವರ ಸ್ಮರಣೆಗೆ ಇದಕ್ಕಿಂತ ಮಿಗಿಲಾದ ಪೂಜೆಯಿಲ್ಲ.