ಕೂನೂರಿನ ಇಲಿಗಳು ಮತ್ತು ಮೂತ್ರದ ಕಲ್ಲು: ಡಾ. ರಾಬರ್ಟ್ ಮೆಕ್ಯಾರಿಸನ್

ಕಿಡ್ನಿಯಲ್ಲಿ ಕಲ್ಲು ಎಂದ ತಕ್ಷಣ ನಮ್ಮ ಕಡೆ ಮೊದಲು ಬೈಸಿಕೊಳ್ಳುವುದು ನೀರು. ಗಡಸು ನೀರು, ಬೋರ್‌ವೆಲ್ ನೀರು, ಸುಣ್ಣದ ನೀರು ಎಂಬ ಮಾತು ಗೂಡಲೂರು, ಮಸಿನಗುಡಿಯಿಂದ ಹಿಡಿದು ಆಚೆ ಗುಂಡ್ಲುಪೇಟೆಯವರೆಗೂ ಇದೆ. ನೂರು ವರ್ಷದ ಹಿಂದೆ ಎಷ್ಟೋ ವೈದ್ಯರೂ ಹೀಗೇ ನಂಬಿದ್ದರು. ನೀರನ್ನು ಬಿಟ್ಟು ತಟ್ಟೆಯ ಕಡೆ ನೋಡಿ ಎಂದು ಪ್ರಯೋಗ ಮಾಡಿ ತೋರಿಸಿದವರಲ್ಲಿ ಒಬ್ಬರು ನಮ್ಮ ಜಿಲ್ಲೆಯ ಕೂನೂರಿನಲ್ಲೇ ಇದ್ದರು. ಅವರೇ ಡಾ. ರಾಬರ್ಟ್ ಮೆಕ್ಯಾರಿಸನ್.

1878ರಲ್ಲಿ ಐರ್ಲೆಂಡಿನ ಪೋರ್ಟಡೌನ್‌ನಲ್ಲಿ ಹುಟ್ಟಿದ ಮೆಕ್ಯಾರಿಸನ್ ಬೆಲ್‌ಫಾಸ್ಟ್‌ನಲ್ಲಿ ವೈದ್ಯಕೀಯ ಓದಿ, 1901ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಭಾರತಕ್ಕೆ ಬಂದರು. ಮೊದಲು ಹೆಸರು ಮಾಡಿದ್ದು ದೂರದ ಗಿಲ್ಗಿಟ್‌ನಲ್ಲಿ. ಅಲ್ಲಿ ಒಂದೇ ಹೊಳೆಯ ನೀರನ್ನು ಒಂದರ ಕೆಳಗೊಂದು ಬಳಸುತ್ತಿದ್ದ ಹಳ್ಳಿಗಳಲ್ಲಿ, ಕೆಳಗೆ ಹೋದಂತೆಲ್ಲ ಗಳಗಂಡ ಹೆಚ್ಚುತ್ತಿತ್ತು. ನೀರಿನ ಕಸವನ್ನು ಸೋಸಿ ತೆಗೆದು, ತಾವೇ ಕುಡಿದು ಪರೀಕ್ಷಿಸಿದರು. ಅದನ್ನು ಕುದಿಸಿ ಕುಡಿದವರಿಗೆ ತೊಂದರೆ ಕಾಣಲಿಲ್ಲ. ಗಳಗಂಡಕ್ಕೆ ಮುಖ್ಯ ಕಾರಣ ಅಯೋಡಿನ್ ಕೊರತೆ ಎಂಬುದು ಆಮೇಲೆ ಗಟ್ಟಿಯಾಯಿತು. ಹಾಗೆ ನೀರನ್ನು ದೂರಿದ ಮನುಷ್ಯನೇ ಮುಂದೆ ಕಲ್ಲಿನ ವಿಷಯದಲ್ಲಿ ಊಟದ ಕಡೆ ತಿರುಗಿದ್ದು ವಿಶೇಷ.

1918ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ಅವರ ಬೆರಿಬೆರಿ ಸಂಶೋಧನೆ ಆರಂಭವಾಯಿತು. ಪಾಲಿಶ್ ಅಕ್ಕಿ ತಿಂದ ಪಾರಿವಾಳಗಳು ಹೇಗೆ ಕಾಯಿಲೆ ಬೀಳುತ್ತವೆ ಎಂಬುದನ್ನು ನೋಡುತ್ತಿದ್ದರು. 1923ರಲ್ಲಿ ಸರ್ಕಾರ ಖರ್ಚು ಕಡಿಮೆ ಮಾಡುವ ಭರದಲ್ಲಿ ಈ ಕೆಲಸಕ್ಕೇ ಕತ್ತರಿ ಹಾಕಿತು. ಸಂಶೋಧನೆಗೆ ಕೊಡುವ ಹಣ ದಂಡ ಎಂಬ ಯೋಚನೆ ಆಗಲೂ ಇತ್ತು ನೋಡಿ! 1925ರಲ್ಲಿ ಮತ್ತೆ ಶುರುವಾಗಿ, 1928ರಲ್ಲಿ ಅದು ಪೂರ್ಣ ಪ್ರಮಾಣದ ಪೌಷ್ಟಿಕಾಂಶ ಸಂಶೋಧನಾಲಯವಾಯಿತು. ಮೆಕ್ಯಾರಿಸನ್ ಅದರ ಮೊದಲ ನಿರ್ದೇಶಕರು.

ಆ ಕಾಲದಲ್ಲಿ ಪಂಜಾಬ್, ಸಿಂಧ್ ಕಡೆ ಮೂತ್ರಕೋಶದ ಕಲ್ಲು ದೊಡ್ಡ ಪಿಡುಗು. ಹೆಚ್ಚಾಗಿ ಬಡವರ ಮನೆಯ ಗಂಡು ಮಕ್ಕಳಿಗೇ ಬರುತ್ತಿತ್ತು. ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಿತ್ತು. ದಕ್ಷಿಣದಲ್ಲಿ ಈ ಕಾಯಿಲೆ ಅಪರೂಪ. ಈ ವ್ಯತ್ಯಾಸ ಏಕೆ ಎಂದು ಅವರು ಇಲಿಗಳಿಂದ ತಿಳಿಯಲು ಹೊರಟರು. ಹಿಟ್ಟೇ ಪ್ರಧಾನವಾಗಿದ್ದ, ಜೀವಸತ್ವ 'ಎ' ಕಡಿಮೆಯಿದ್ದ ಆಹಾರ ಕೊಟ್ಟಾಗ ಹಲವು ಇಲಿಗಳ ಮೂತ್ರಕೋಶದಲ್ಲಿ ಕಲ್ಲು ಬೆಳೆಯಿತು. ಆಹಾರದಲ್ಲಿ ಸುಣ್ಣದಂಶ ಹೆಚ್ಚಿದರೆ ಕಲ್ಲೂ ಹೆಚ್ಚು. ಅದೇ ಆಹಾರಕ್ಕೆ ಸಾಕಷ್ಟು ಹಾಲು ಸೇರಿಸಿದಾಗ ಕಲ್ಲು ತಪ್ಪಿತು. 1927ರಿಂದ ಈ ಫಲಿತಾಂಶಗಳನ್ನು ಪ್ರಕಟಿಸಿದರು. ಜೀವಸತ್ವ ಕೊರತೆಯ ಇಲಿಗಳಲ್ಲಿ ಕಲ್ಲು ಕಂಡವರಲ್ಲಿ ಇವರೇ ಮೊದಲಿಗರಲ್ಲ, 1917ರಲ್ಲೇ ಅಮೆರಿಕದ ಆಸ್‌ಬಾರ್ನ್ ಮತ್ತು ಮೆಂಡೆಲ್ ಬರೆದಿದ್ದರು. ಆದರೆ ಅದನ್ನು ನಮ್ಮ ದೇಶದ ಬಡವರ ಊಟಕ್ಕೆ ಜೋಡಿಸಿ ನೋಡಿದ ಶ್ರೇಯ ಮೆಕ್ಯಾರಿಸನ್ ಅವರದು.

ಅವರ ವಿವರಣೆ ಪೂರ್ತಿ ಉಳಿದಿಲ್ಲ. ಬರೀ ಧಾನ್ಯ ತಿಂದು ಹಾಲು, ಮಾಂಸದಂಥ ಆಹಾರ ಸಿಗದ ಮಕ್ಕಳಲ್ಲಿ ರಂಜಕದ ಅಂಶ ಕಡಿಮೆಯಾಗುವುದೇ ಮುಖ್ಯ ಎಂದು ನಂತರದ ವಿಜ್ಞಾನಿಗಳು ಹೇಳಿದರು. ಜೀವಸತ್ವ 'ಎ'ಯ ಪಾತ್ರ ಹಿಂದೆ ಸರಿಯಿತು. ಕಾರಣ ಊಟದಲ್ಲಿದೆ ಎಂಬುದು ಮಾತ್ರ ನಿಂತಿತು. ಇಂದು ದೊಡ್ಡವರ ಕಿಡ್ನಿಯಲ್ಲಿ ಆಗುವ ಕಲ್ಲು ಬೇರೆ ಬಗೆಯದು ಎಂಬುದನ್ನೂ ನೆನಪಿಡಬೇಕು. ಅಲ್ಲಿ ನೀರು ಕಡಿಮೆ ಕುಡಿಯುವುದು, ಉಪ್ಪು ಹೆಚ್ಚು ತಿನ್ನುವುದು ಮುಖ್ಯ ಕಾರಣಗಳು. ಹಾಲು ಕುಡಿದರೆ ಕಲ್ಲು ಕರಗುತ್ತದೆ ಎಂದು ಯಾರೂ ತಿಳಿಯಬಾರದು.

ನಮ್ಮ ಓದುಗರಿಗೆ ಕುತೂಹಲವಾಗುವ ಇನ್ನೊಂದು ಪ್ರಯೋಗವಿದೆ. ದೇಶದ ಬೇರೆ ಬೇರೆ ಜನರ ಊಟವನ್ನು ಒಂದೊಂದು ಗುಂಪು ಇಲಿಗಳಿಗೆ ಕೊಟ್ಟು ತೂಕ ನೋಡಿದರು. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಕಾಳು, ತರಕಾರಿಯ ಸಿಖ್ಖರ ಊಟ ತಿಂದ ಇಲಿಗಳು ಸರಾಸರಿ ಸುಮಾರು 235 ಗ್ರಾಂ ತೂಗಿದವು. ಕನ್ನಡಿಗರ ಊಟದವು ಸುಮಾರು 185 ಗ್ರಾಂ. ಮದ್ರಾಸಿಗರ ಊಟದವು ಸುಮಾರು 155 ಗ್ರಾಂ, ಎಲ್ಲರಿಗಿಂತ ಕೊನೆ. ಗಡಿಯಲ್ಲಿ ಎರಡೂ ಊಟ ಮಾಡುವ ನಮ್ಮ ಇಲಿ ಎಷ್ಟು ತೂಗುತ್ತಿತ್ತೋ! ತಮಾಷೆ ಇರಲಿ. ಒಂದು ನಾಡಿನ ಊಟವೆಂದರೆ ಒಂದೇ ಅಲ್ಲ, ರಾಗಿ ತಿನ್ನುವ ಹೊಲದವನ ತಟ್ಟೆ ಬೇರೆ, ಪೇಟೆಯವನ ತಟ್ಟೆ ಬೇರೆ. ಆದರೂ ಪಾಲಿಶ್ ಅಕ್ಕಿಯನ್ನೇ ನಂಬಿದ ಊಟಕ್ಕೆ ಹಾಲು, ಸೊಪ್ಪು ಸೇರಬೇಕು ಎಂಬುದನ್ನು ಆ ತಕ್ಕಡಿ ಸ್ಪಷ್ಟವಾಗಿ ತೋರಿಸಿತು.

1933ರಲ್ಲಿ ಅವರಿಗೆ ಸರ್ ಪದವಿ ಬಂತು. 1935ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ಅವರ ಸ್ಥಾನಕ್ಕೆ ಡಾ. ಐಕ್ರಾಯ್ಡ್ ಬಂದರು. 1958ರಲ್ಲಿ ಸಂಶೋಧನಾಲಯ ಬೆಟ್ಟ ಇಳಿದು ಹೈದರಾಬಾದಿಗೆ ಹೋಯಿತು. 1969ರಿಂದ ಅದರ ಹೆಸರು ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ. ಮೆಕ್ಯಾರಿಸನ್ 1960ರ ಮೇ 18ರಂದು ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು. ಅವರಿಗೆ ಮೊದಲ ಕೋಣೆ ಕೊಟ್ಟ ಪಾಶ್ಚರ್ ಸಂಸ್ಥೆ ಕೂನೂರಿನ ಸಿಮ್ಸ್ ಪಾರ್ಕ್ ಬಳಿ ಈಗಲೂ ಇದೆ.