ಆಗಸ್ಟ್ ಕ್ರೋಗ್

ಶಾಕ್ ಆಗಸ್ಟ್ ಸ್ಟೇನ್‌ಬರ್ಗ್ ಕ್ರೋಗ್ (ನವೆಂಬರ್ 15, 1874 – ಸೆಪ್ಟೆಂಬರ್ 13, 1949) ಡೆನ್ಮಾರ್ಕ್ ದೇಶದ ಪ್ರಾಣಿ ಶರೀರಕ್ರಿಯಾ ವಿಜ್ಞಾನಿ. ಚಳಿ, ಆಮ್ಲಜನಕದ ಕೊರತೆ, ಲವಣಾಂಶದ ಏರುಪೇರು ಮೊದಲಾದ ಕಠಿಣ ಪರಿಸ್ಥಿತಿಗಳಲ್ಲಿ ಪ್ರಾಣಿಗಳ ಉಸಿರಾಟ ಮತ್ತು ಚಯಾಪಚಯ ಕ್ರಿಯೆಗಳು ಹೇಗೆ ನಡೆಯುತ್ತವೆ ಎಂಬುದನ್ನು ಅಳತೆಗಳ ಮೂಲಕ ಅಧ್ಯಯನ ಮಾಡಿದವರಲ್ಲಿ ಇವರು ಪ್ರಮುಖರು. ಲೋಮನಾಳಗಳಲ್ಲಿ ರಕ್ತಸಂಚಾರದ ನಿಯಂತ್ರಣವನ್ನು ಕುರಿತ ಸಂಶೋಧನೆಗಾಗಿ ಇವರಿಗೆ 1920ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಬಾಲ್ಯ ಮತ್ತು ಶಿಕ್ಷಣ

ಕ್ರೋಗ್ ಅವರು ಡೆನ್ಮಾರ್ಕಿನ ಗ್ರೆನೊ ಪಟ್ಟಣದಲ್ಲಿ ಜನಿಸಿದರು. ಇವರ ತಂದೆ ವಿಗ್ಗೊ ಕ್ರೋಗ್ ಹಡಗು ನಿರ್ಮಾಣ ವೃತ್ತಿಯವರು. 1893ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯವನ್ನು ಸೇರಿ ಮೊದಲು ವೈದ್ಯಕೀಯ ವ್ಯಾಸಂಗ ಆರಂಭಿಸಿದ ಇವರು, ಶೀಘ್ರದಲ್ಲೇ ಪ್ರಾಣಿಶಾಸ್ತ್ರದತ್ತ ತಿರುಗಿದರು. 1897ರಲ್ಲಿ ಖ್ಯಾತ ಶರೀರಕ್ರಿಯಾ ವಿಜ್ಞಾನಿ ಕ್ರಿಸ್ಟಿಯನ್ ಬೋರ್ ಅವರ ಪ್ರಯೋಗಾಲಯದಲ್ಲಿ ಕೆಲಸ ಪ್ರಾರಂಭಿಸಿದರು. ಕಪ್ಪೆಗಳು ಚರ್ಮ ಮತ್ತು ಶ್ವಾಸಕೋಶಗಳೆರಡರಿಂದಲೂ ಉಸಿರಾಡುವ ಬಗೆಯನ್ನು ಕುರಿತ ಪ್ರಬಂಧಕ್ಕಾಗಿ 1903ರಲ್ಲಿ ಡಾಕ್ಟರೇಟ್ ಪಡೆದರು. ಕಪ್ಪೆಯ ದೇಹದಿಂದ ಇಂಗಾಲದ ಡೈಆಕ್ಸೈಡ್ ಬಹುಪಾಲು ಚರ್ಮದ ಮೂಲಕ ಹೊರಹೋಗುತ್ತದೆ, ಆದರೆ ಅಗತ್ಯಕ್ಕೆ ತಕ್ಕಂತೆ ಆಮ್ಲಜನಕ ಪೂರೈಸುವ ಹೊಣೆ ಮುಖ್ಯವಾಗಿ ಶ್ವಾಸಕೋಶದ್ದು ಎಂಬುದನ್ನು ಅವರು ತೋರಿಸಿದರು.

ಗುರುವಿನೊಂದಿಗೆ ಭಿನ್ನಾಭಿಪ್ರಾಯ

ಶ್ವಾಸಕೋಶದ ಪೊರೆಯು ಗ್ರಂಥಿಯಂತೆ ಆಮ್ಲಜನಕವನ್ನು ರಕ್ತಕ್ಕೆ ಸ್ರವಿಸುತ್ತದೆ ಎಂಬುದು ಬೋರ್ ಅವರ ನಿಲುವಾಗಿತ್ತು. ಕ್ರೋಗ್ ಅವರು ತಾವೇ ರೂಪಿಸಿದ ಸೂಕ್ಷ್ಮ ಉಪಕರಣಗಳಿಂದ ರಕ್ತ ಮತ್ತು ಶ್ವಾಸಕೋಶದ ಅನಿಲಗಳ ಒತ್ತಡವನ್ನು ಅಳೆದಾಗ ಈ ನಿಲುವಿಗೆ ಆಧಾರ ದೊರೆಯಲಿಲ್ಲ. ಅನಿಲಗಳ ವಿನಿಮಯಕ್ಕೆ ಸರಳ ವಿಸರಣೆಯೇ ಸಾಕು ಎಂದು ಸಾರುವ ಲೇಖನಗಳ ಸರಣಿಯನ್ನು ಅವರು 1910ರಲ್ಲಿ ಪ್ರಕಟಿಸಿದರು. ತಮ್ಮನ್ನು ಬೆಳೆಸಿದ ಗುರುವಿನ ಸಿದ್ಧಾಂತವನ್ನೇ ಇದು ಅಲ್ಲಗಳೆಯಿತು. ಮುಂದಿನ ವರ್ಷವೇ ಬೋರ್ ನಿಧನರಾದರು. ವಿಸರಣೆಯ ಸಿದ್ಧಾಂತವು ಇಂದು ಸರ್ವಮಾನ್ಯವಾಗಿದೆ.

ಗ್ರೀನ್‌ಲ್ಯಾಂಡ್ ಯಾತ್ರೆಗಳು

1902ರಲ್ಲಿ ಗ್ರೀನ್‌ಲ್ಯಾಂಡಿನ ಡಿಸ್ಕೊ ದ್ವೀಪಕ್ಕೆ ತೆರಳಿದ ಕ್ರೋಗ್, ಅಲ್ಲಿನ ನೀರಿನಲ್ಲಿ ಕರಗಿರುವ ಅನಿಲಗಳನ್ನು ಅಧ್ಯಯನ ಮಾಡಿದರು. 1905ರಲ್ಲಿ ವೈದ್ಯ ವಿದ್ಯಾರ್ಥಿನಿ ಮರೀ ಯೋರ್ಗೆನ್‌ಸೆನ್ ಅವರನ್ನು ವಿವಾಹವಾದರು. ಮರೀ ಮುಂದೆ ವೈದ್ಯೆಯೂ ಸ್ವತಂತ್ರ ಸಂಶೋಧಕಿಯೂ ಆದರು. 1908ರಲ್ಲಿ ದಂಪತಿಗಳು ಮತ್ತೆ ಗ್ರೀನ್‌ಲ್ಯಾಂಡಿಗೆ ಹೋಗಿ, ಹೆಚ್ಚಾಗಿ ಮಾಂಸವನ್ನೇ ಉಣ್ಣುವ ಇನುಯಿಟ್ ಜನರ ಆಹಾರ ಮತ್ತು ಚಯಾಪಚಯವನ್ನು ಉಸಿರಾಟದ ಕೋಣೆಯ ನೆರವಿನಿಂದ ಪರೀಕ್ಷಿಸಿದರು. ಇದರ ವರದಿ 1913ರಲ್ಲಿ ಪ್ರಕಟವಾಯಿತು.

ಉಷ್ಣತೆ ಮತ್ತು ಚಯಾಪಚಯ

ಮೀನು, ಕಪ್ಪೆ, ಕೀಟಗಳಂಥ ಪ್ರಾಣಿಗಳ ದೇಹದ ಉಷ್ಣತೆ ಪರಿಸರದೊಂದಿಗೆ ಏರಿಳಿಯುತ್ತದೆ. ಚಳಿ ಹೆಚ್ಚಿದಂತೆ ಅವುಗಳ ಆಮ್ಲಜನಕ ಬಳಕೆ ಕುಗ್ಗುತ್ತದೆ. ಹಾಗಿದ್ದಲ್ಲಿ ಹಿಮದಂಥ ನೀರಿನಲ್ಲಿ ವರ್ಷವಿಡೀ ಇರುವ ಜೀವಿಗಳು ಚುರುಕಾಗಿ ಬದುಕುವುದು ಹೇಗೆ? 1916ರಲ್ಲಿ ಪ್ರಾಣಿಗಳ ಉಸಿರಾಟದ ಅನಿಲ ವಿನಿಮಯವನ್ನು ಕುರಿತು ಬರೆದ ಗ್ರಂಥದಲ್ಲಿ ಕ್ರೋಗ್ ಈ ಪ್ರಶ್ನೆಯನ್ನು ಎತ್ತಿಕೊಂಡರು. ಒಂದೇ ಉಷ್ಣತೆಯಲ್ಲಿ ಅಳೆದಾಗ, ಶೀತ ಪ್ರದೇಶದ ಪ್ರಾಣಿಗಳ ಚಯಾಪಚಯ ದರವು ಬೆಚ್ಚನೆಯ ಪ್ರದೇಶದ ಪ್ರಾಣಿಗಳದ್ದಕ್ಕಿಂತ ಹೆಚ್ಚಾಗಿರಬಹುದು ಎಂದು ಅವರು ಊಹಿಸಿದರು. ಧ್ರುವ ಪ್ರದೇಶದ ಮೀನುಗಳ ಮೇಲೆ ಮುಂದೆ ನಡೆದ ಪ್ರಯೋಗಗಳಲ್ಲಿ ಕೆಲವು ಇದನ್ನು ಸಮರ್ಥಿಸಿದರೆ, ಕೆಲವು ಪ್ರಶ್ನಿಸಿದವು. ಹಿಡಿದು ತಂದ ಮೀನಿನ ಗಾಬರಿಯಿಂದಲೇ ದರ ಏರಿರಬಹುದೆಂಬ ಆಕ್ಷೇಪವೂ ಕೇಳಿಬಂದಿತು.

ನೊಬೆಲ್ ಪ್ರಶಸ್ತಿ ಮತ್ತು ಇನ್ಸುಲಿನ್

ವಿಶ್ರಾಂತಿಯಲ್ಲಿರುವ ಸ್ನಾಯುವಿನಲ್ಲಿ ಕೆಲವೇ ಲೋಮನಾಳಗಳು ತೆರೆದಿದ್ದು, ಸ್ನಾಯು ದುಡಿಯತೊಡಗಿದಾಗ ಇನ್ನೂ ಅನೇಕವು ತೆರೆದುಕೊಂಡು ಆಮ್ಲಜನಕವನ್ನು ಒದಗಿಸುತ್ತವೆ ಎಂಬುದು ಅವರಿಗೆ ನೊಬೆಲ್ ತಂದ ಸಂಶೋಧನೆ. 1922ರಲ್ಲಿ ಉಪನ್ಯಾಸ ನೀಡಲು ಅಮೆರಿಕಕ್ಕೆ ಹೋದಾಗ, ಮಧುಮೇಹದಿಂದ ಬಳಲುತ್ತಿದ್ದ ಮರೀ ಅವರೂ ಜೊತೆಗಿದ್ದರು. ಕೆನಡಾದ ಟೊರೊಂಟೊದಲ್ಲಿ ಆಗಷ್ಟೇ ಕಂಡುಹಿಡಿಯಲಾಗಿದ್ದ ಇನ್ಸುಲಿನ್ ತಯಾರಿಸಲು ಅನುಮತಿ ಪಡೆದು ಮರಳಿದ ಕ್ರೋಗ್, ವೈದ್ಯ ಹಾನ್ಸ್ ಕ್ರಿಶ್ಚಿಯನ್ ಹಾಗೆಡಾರ್ನ್ ಅವರೊಂದಿಗೆ ಡೆನ್ಮಾರ್ಕಿನಲ್ಲಿ ಅದರ ಉತ್ಪಾದನೆಗೆ ಅಡಿಪಾಯ ಹಾಕಿದರು. ಮರೀ 1943ರವರೆಗೆ ಬದುಕಿದ್ದರು.

ನಂತರದ ಸಂಶೋಧನೆಗಳು

ಸಿಹಿನೀರಿನ ಪ್ರಾಣಿಗಳ ದೇಹಕ್ಕೆ ನೀರು ಸತತವಾಗಿ ನುಗ್ಗುತ್ತದೆ, ಲವಣಗಳು ಸೋರಿಹೋಗುತ್ತವೆ. ಮೀನಿನ ಕಿವಿರು ಮತ್ತು ಕಪ್ಪೆಯ ಚರ್ಮವು ಅತ್ಯಂತ ಕಡಿಮೆ ಲವಣವಿರುವ ನೀರಿನಿಂದಲೂ ಕ್ಲೋರೈಡ್ ಅಯಾನುಗಳನ್ನು ಹೀರಿಕೊಂಡು ಈ ನಷ್ಟವನ್ನು ತುಂಬುತ್ತವೆ ಎಂದು ಕ್ರೋಗ್ ತೋರಿಸಿದರು. ಈ ಕುರಿತ ಅವರ ಗ್ರಂಥ 1939ರಲ್ಲಿ ಹೊರಬಂದಿತು. ಸೀಲ್‌ಗಳು ದೀರ್ಘಕಾಲ ಮುಳುಗಿರುವ ಬಗೆಯನ್ನು ಅಭ್ಯಸಿಸುತ್ತಿದ್ದ ಪರ್ ಶೋಲಾಂಡರ್ ಅವರೂ ಕ್ರೋಗ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು.

ಎರಡನೆಯ ಮಹಾಯುದ್ಧದಲ್ಲಿ ಡೆನ್ಮಾರ್ಕ್ ಜರ್ಮನಿಯ ವಶದಲ್ಲಿದ್ದಾಗ ಕ್ರೋಗ್ ಸ್ವೀಡನ್ನಿನಲ್ಲಿ ಆಶ್ರಯ ಪಡೆಯಬೇಕಾಯಿತು. ಯುದ್ಧಾನಂತರ 1945ರಲ್ಲಿ ನಿವೃತ್ತರಾದರೂ, ಮರುಭೂಮಿಯ ಮಿಡತೆಯ ಹಾರಾಟವನ್ನು ಕುರಿತ ಪ್ರಯೋಗಗಳಲ್ಲಿ ತೊಡಗಿದರು. ಟಾರ್ಕೆಲ್ ವೈಸ್-ಫೋ ಅವರೊಂದಿಗೆ ನಡೆಸಿದ ಈ ಅಧ್ಯಯನದ ಫಲಿತಾಂಶಗಳು ಕ್ರೋಗ್ ಅವರ ಮರಣಾನಂತರ, 1951ರಲ್ಲಿ ಪ್ರಕಟವಾದವು. ದೀರ್ಘ ಹಾರಾಟಕ್ಕೆ ಮಿಡತೆಯು ಮುಖ್ಯವಾಗಿ ಕೊಬ್ಬನ್ನು ಉರಿಸುತ್ತದೆಂದು ಇಂಥ ಸಂಶೋಧನೆಗಳಿಂದ ತಿಳಿದುಬಂದಿತು.

ಪ್ರಭಾವ

ಯಾವುದೇ ಶಾರೀರಿಕ ಸಮಸ್ಯೆಯನ್ನು ಅಧ್ಯಯನ ಮಾಡಲು ಅತ್ಯಂತ ಅನುಕೂಲಕರವಾದ ಒಂದು ಪ್ರಾಣಿ ಇದ್ದೇ ಇರುತ್ತದೆ ಎಂಬ ಆಶಯವನ್ನು ಕ್ರೋಗ್ 1929ರ ಉಪನ್ಯಾಸವೊಂದರಲ್ಲಿ ಮಂಡಿಸಿದ್ದರು. ಇದು ಮುಂದೆ ಕ್ರೋಗ್ ತತ್ತ್ವವೆಂದು ಹೆಸರಾಯಿತು. ಅವರ ಮಗಳು ಬೋದಿಲ್ ಮತ್ತು ಅಳಿಯ ಕ್ನುಟ್ ಶ್ಮಿಟ್-ನೀಲ್ಸೆನ್ ಮರುಭೂಮಿಯ ಕಾಂಗರೂ ಇಲಿ ಹಾಗೂ ಒಂಟೆಗಳು ನೀರನ್ನು ಉಳಿಸಿಕೊಳ್ಳುವ ಬಗೆಯನ್ನು ವಿವರಿಸಿದರು. ನೀರು ಸಿಗದ ಒಂಟೆಯು ಹಗಲಿನಲ್ಲಿ ದೇಹದ ಉಷ್ಣತೆಯನ್ನು ಏರಲು ಬಿಟ್ಟು, ಬೆವರಿನಿಂದಾಗುವ ನೀರಿನ ನಷ್ಟವನ್ನು ತಗ್ಗಿಸುತ್ತದೆ ಎಂಬುದು ಈ ಅಧ್ಯಯನಗಳ ಮುಖ್ಯ ಫಲ. ಮಳೆ ಕಡಿಮೆ ಇರುವ ಪಾವಗಡ, ಶಿರಾ, ಮಧುಗಿರಿಯಂಥ ಬಯಲುಸೀಮೆಯಲ್ಲಿ ಕೆರೆ ಬತ್ತಿದಾಗ ಮಣ್ಣಿನಡಿ ಸೇರಿ, ಚಯಾಪಚಯವನ್ನು ತಗ್ಗಿಸಿಕೊಂಡು ಮುಂದಿನ ಮಳೆಯವರೆಗೆ ಜೀವ ಹಿಡಿದಿರುವ ಬಿಲಗಪ್ಪೆಗಳ ಬದುಕನ್ನು ಅರಿಯಲು ಕ್ರೋಗ್ ಬೆಳೆಸಿದ ತುಲನಾತ್ಮಕ ಶರೀರಕ್ರಿಯಾ ವಿಜ್ಞಾನವೇ ದಾರಿಯಾಗಿದೆ.